ಗಿಡ ಇಟ್ಟರೆ ಮನೆ ನಿಜವಾಗ್ಲೂ ಘಮ್ ಅನ್ನುತ್ತಾ?

ಮೂರನೇಮಹಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ರೂಮ್ ಫ್ರೆಶ್ನರ್ ಬಂದ್ ಆಗಿದೆ. ಅದನ್ನು ಹೊಡೆದು ಸ್ವಲ್ಪ ಹೊತ್ತಿಗೆಲ್ಲ ನನ್ನ ಹೆಂಡತಿಗೆ ತಲೆನೋವು ಶುರುವಾಗುತ್ತದೆ. ಆದರೆ ದಿನವಿಡೀ ಬೀಗ ಹಾಕಿದ ಮನೆಗೆ ಒಂದು ಮುಗ್ಗಲು ವಾಸನೆ ಇರುತ್ತದಲ್ಲ, ಸಂಜೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವುದು ಅದೇ. ಅದಕ್ಕೆ ಗಿಡಗಳ ಕಡೆ ಕಣ್ಣು ಬಿದ್ದಿದೆ.

ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ಬಾಲ್ಕನಿ ಇಲ್ಲ. ಹಾಲ್‌ಗೆ ಪೂರ್ವದ ಕಡೆ ದೊಡ್ಡ ಕಿಟಕಿ, ಬೆಳಿಗ್ಗೆ ಹತ್ತೂವರೆ ತನಕ ಚೆನ್ನಾಗಿ ಬಿಸಿಲು ಬೀಳುತ್ತದೆ. ಮಲಗುವ ಕೋಣೆಯ ಕಿಟಕಿಗೆ ಎದುರು ಪಕ್ಕದ ಕಟ್ಟಡದ ಗೋಡೆ. ಬೆಳಕು ಇದೆ, ಬಿಸಿಲು ಇಲ್ಲ. ಮನೆಯಲ್ಲಿ ಒಂದು ಬೆಕ್ಕೂ ಇದೆ. ಪೂರ್ವದ ಕಿಟಕಿಕಟ್ಟೆ ತನ್ನದೇ ಅಂದುಕೊಂಡಿದೆ.

ಹೂ ತುಂಬಿದ್ದ ಒಂದು ದುಂಡು ಮಲ್ಲಿಗೆ ಗಿಡ ಈಗಾಗಲೇ ಇದೆ. ತಂದ ವಾರ ಮನೆಯೆಲ್ಲ ಘಮಘಮ. ಆಮೇಲೆ ಒಂದು ಮೊಗ್ಗೂ ಇಲ್ಲ, ಬರೀ ಎಲೆ. ಲ್ಯಾವೆಂಡರ್ ಸಹ ಇತ್ತು, ಬುಡದಿಂದ ಬೂದು ಬಣ್ಣಕ್ಕೆ ತಿರುಗಿ ಒಣಗಿಹೋಯಿತು.

ಕೇಳಬೇಕಾದ್ದು ಇಷ್ಟೇ. ಮನೆ ಒಳಗೇ ಇದ್ದು, ನಮ್ಮ ಪಾಡಿಗೆ ನಾವಿದ್ದರೂ ಸುವಾಸನೆ ಕೊಡುವ ಗಿಡ ಯಾವುದಾದರೂ ಇದೆಯಾ? ಅಥವಾ ಇದೆಲ್ಲ ಫೋಟೋದಲ್ಲಿ ಚಂದ ಅನ್ನುವ ಮಾತಾ?

ನೆರಳುಬಳ್ಳಿ:

ಮಲಗುವ ಕೋಣೆಗೆ ಹೋಯಾ. ಎರಡನೇ ಯೋಚನೆಯೇ ಬೇಡ. ಹೋಯಾ ಕಾರ್ನೋಸಾ ಅಂತ ಕೇಳಿ ತನ್ನಿ. ದಪ್ಪ ಎಲೆಯ ಬಳ್ಳಿ, ನೀರು ಮರೆತರೂ ಮುನಿಸಿಕೊಳ್ಳುವುದಿಲ್ಲ. ಹೂಗಳು ಮೇಣದಲ್ಲಿ ಎರಕ ಹೊಯ್ದ ಹಾಗೆ ಪುಟ್ಟ ಪುಟ್ಟ ನಕ್ಷತ್ರ, ಗೊಂಚಲು ಗೊಂಚಲಾಗಿ ತೂಗುತ್ತವೆ. ಹಗಲಲ್ಲಿ ಮೂಗು ಹತ್ತಿರ ಇಟ್ಟರೂ ಅಷ್ಟಕ್ಕಷ್ಟೇ. ಕತ್ತಲಾದ ಮೇಲೆ ನೋಡಿ ಅದರ ಆಟ.

ಹೂ ಉದುರಿದ ಮೇಲೆ ಒಂದು ಮೋಟು ತೊಟ್ಟು ಉಳಿಯುತ್ತದೆ. ಒಣಕಲು ಅಂತ ಕತ್ತರಿಸಬೇಡಿ. ಮುಂದಿನ ಸಲ ಅದೇ ತೊಟ್ಟಿನ ತುದಿಯಲ್ಲೇ ಹೂ ಬರುವುದು. ಕುಂಡ ಚಿಕ್ಕದಾಯಿತು ಅಂತ ಪದೇ ಪದೇ ಬದಲಾಯಿಸುವುದೂ ಬೇಡ. ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೇ ಅದಕ್ಕೆ ಖುಷಿ.

ಮಣ್ಣುಕೈ:

ನೆರಳುಬಳ್ಳಿಯವರು ಹೇಳಿದ್ದು ಸರಿ, ಒಂದು ತಿದ್ದುಪಡಿ ಮಾತ್ರ. ಎದುರಿಗೆ ಗೋಡೆ ಇರುವ ಕಿಟಕಿಯಲ್ಲಿ ಹೋಯಾ ಬದುಕುತ್ತದೆ, ಬಳ್ಳಿಯೂ ಹಬ್ಬುತ್ತದೆ. ಹೂ ಬಿಡುವುದು ಅನುಮಾನ. ಹೂವಿಲ್ಲದ ಹೋಯಾಕ್ಕೆ ವಾಸನೆಯೂ ಇಲ್ಲ. ಹೊಸ ಗಿಡವಾದರೆ ಮೊದಲ ಹೂವಿಗೆ ಎರಡು ಮೂರು ವರ್ಷ ಕಾಯಬೇಕಾಗುವುದೂ ಉಂಟು. ಇದನ್ನು ಯಾರೂ ಹೇಳುವುದಿಲ್ಲ.

ಮೂರನೇಮಹಡಿಯವರೇ, ಸುವಾಸನೆಯ ಗಿಡ ಅಂತ ಎಲ್ಲವನ್ನೂ ಒಂದೇ ಗುಂಪಿಗೆ ಹಾಕುತ್ತಾರೆ, ಅಲ್ಲೇ ಗೊಂದಲ ಶುರು. ಇವು ಎರಡು ಬೇರೆ ಬೇರೆ ಪಂಗಡ. ಒಂದರದ್ದು ಹೂವಿನಲ್ಲಿ ವಾಸನೆ, ಇನ್ನೊಂದರದ್ದು ಎಲೆಯಲ್ಲಿ. ಹೂವಿನವು ಬಿಸಿಲು ಕೇಳುತ್ತವೆ. ಎಲೆಯವು ನಿಮ್ಮ ಕೈ ಕೇಳುತ್ತವೆ.

ಮೊದಲು ಹೂವಿನದ್ದು. ಹೂ ವಾಸನೆ ಬಿಡುವುದು ಹುಳುಗಳನ್ನು ಕರೆಯಲಿಕ್ಕೆ, ನಮಗಾಗಿ ಅಲ್ಲ. ಹಾಗಾಗಿ ಅದಕ್ಕೊಂದು ಹೊತ್ತು ಇದೆ. ಮಲ್ಲಿಗೆ, ಹೋಯಾ ಇವುಗಳಿಗೆ ರಾತ್ರಿ ಹಾರುವ ಪತಂಗಗಳ ಮೇಲೆ ಕಣ್ಣು, ಅದಕ್ಕೇ ಸಂಜೆಯಿಂದ ವಾಸನೆ ಏರುವುದು. ದುಂಡು ಮಲ್ಲಿಗೆಯ ಮೊಗ್ಗನ್ನು ಒಂದು ದಿನ ಕೂತು ನೋಡಿ. ಮಧ್ಯಾಹ್ನ ಗಟ್ಟಿಯಾಗಿ, ಹಾಲು ಬಿಳುಪಿಗೆ ತಿರುಗಿರುತ್ತದೆ. ಮೂಸಿದರೆ ಏನೂ ಇಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ತುದಿಯಲ್ಲಿ ಎಸಳು ಸಡಿಲವಾಗಿ ಸಣ್ಣ ಸಂದು ಬೀಳುತ್ತದೆ. ವಾಸನೆ ಆ ಸಂದಿನಿಂದಲೇ ಶುರು, ಇನ್ನೂ ಪೂರ್ತಿ ಅರಳಿಯೇ ಇರುವುದಿಲ್ಲ. ಮಾರನೇ ದಿನ ಹೂ ಬಾಡಿ ಕೆಳಗೆ. ಸಂಜೆ ಮನೆಗೆ ಬರುವ ನಿಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಗಿಡ, ಹೂ ಬಿಟ್ಟರೆ.

ಹೂ ಬಿಡದಿರಲು ಕಾರಣ ಬಿಸಿಲು ಸಾಲದ್ದು, ಇಲ್ಲವೇ ಸವರದೇ ಬಿಟ್ಟದ್ದು. ಮಲ್ಲಿಗೆ ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹೂ ಮುಗಿದ ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲಿನಷ್ಟು ಸವರಿ. ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೇಕು. ನಿಮ್ಮ ಪೂರ್ವದ ಕಿಟಕಿಯಲ್ಲಿ ಅದು ಅಂಚಿನಲ್ಲಿದೆ. ಹಾಗಾಗಿ ಕುಂಡ ಗಾಜಿಗೆ ಅಂಟಿದ ಹಾಗೆ ಇರಬೇಕು. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಇಟ್ಟರೆ ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಗಿಡದ ಪಾಲಿಗೆ ಅದು ಅರೆಗತ್ತಲೆ. ಅನುಮಾನ ಇದ್ದರೆ ಬಿಸಿಲು ಬೀಳುವ ಹೊತ್ತಿಗೆ ಕುಂಡದ ಜಾಗದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳು ಬೆರಳೂ ಎಣಿಸುವಷ್ಟು ನೆರಳು ಬಿದ್ದರೆ ಮಲ್ಲಿಗೆ ಇಡಬಹುದು. ಮಸುಕು ನೆರಳಾದರೆ ಬೇಡ. ಇನ್ನೊಂದು, ಸಾರಜನಕ ಜಾಸ್ತಿ ಇರುವ ಗೊಬ್ಬರ ಸುರಿಯಬೇಡಿ. ಎಲೆ ಕಡುಹಸಿರಾಗಿ ಮಿರಮಿರ ಮಿಂಚುತ್ತದೆ, ಮೊಗ್ಗಿನ ಸುಳಿವೇ ಇರುವುದಿಲ್ಲ.

ಈಗ ನನ್ನ ಪಕ್ಷದ ಗಿಡಗಳು, ಎಲೆಯವು. ಪುದೀನಾ, ದೊಡ್ಡಪತ್ರೆ, ಮರುಗ, ಕಾಮಕಸ್ತೂರಿ, ರೋಸ್ಮರಿ, ಲೆಮನ್ ಬಾಮ್, ಸೆಂಟೆಡ್ ಜೆರೇನಿಯಂ. ಇವುಗಳ ಎಣ್ಣೆ ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಕೂತಿರುತ್ತದೆ. ಗುಲಾಬಿ ವಾಸನೆಯ ಜೆರೇನಿಯಂ ಎಲೆಯನ್ನು ಒಂದು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ. ಮೈತುಂಬ ನವಿರು ಕೂದಲು. ಕೆಲವು ಕೂದಲಿನ ತುದಿಯಲ್ಲಿ ಗುಂಡುಸೂಜಿಯ ತಲೆಯಂತೆ ಪುಟ್ಟ ಗುಂಡು, ಬೆಳಕಿಗೆ ಹೊಳೆಯುತ್ತದೆ. ಎಣ್ಣೆ ಇರುವುದು ಅದರೊಳಗೆ. ಬೆರಳು ತಾಗಿದರೆ ಒಡೆಯುತ್ತದೆ, ಗುಲಾಬಿ ವಾಸನೆ ಹೊರಗೆ. ಮುಟ್ಟದೇ ಬಿಟ್ಟರೆ ಗಿಡ ಸುಮ್ನೆ ಇರುತ್ತದೆ, ಪಕ್ಕದಲ್ಲೇ ಕೂತರೂ ಏನೂ ಗೊತ್ತಾಗುವುದಿಲ್ಲ. ಎಲೆ ಗಿಡ ತಂದು ಶೋಕೇಸ್ ಮೇಲೆ ಎತ್ತಿಟ್ಟು, ವಾಸನೆ ಬರಲ್ಲ ಅಂತ ದೂರುವವರಿಗೆ ನಾನು ಇದನ್ನೇ ಹೇಳುವುದು. ಓಡಾಡುವಾಗ ಸೊಂಟಕ್ಕೋ ಮೊಣಕೈಗೋ ತಾಗುವ ಕಡೆ ಇಡಿ. ಪರದೆ ಎಳೆಯುವ ಕಡೆ ಇಟ್ಟರೆ ಇನ್ನೂ ಒಳ್ಳೆಯದು. ದಿನಕ್ಕೆರಡು ಸಲ ಪರದೆಯೇ ಕೆಲಸ ಮಾಡಿಕೊಡುತ್ತದೆ.

ಇಡೀ ದಿನ ವಾಸನೆ ಬರುವ ಗಿಡ ಇದೆಯಾ ಅಂದಿರಿ. ಇಲ್ಲ. ಇದ್ದರೂ ನಿಮಗೆ ಗೊತ್ತಾಗುವುದಿಲ್ಲ. ಒಂದೇ ವಾಸನೆ ಸ್ವಲ್ಪ ಹೊತ್ತು ಸತತ ಬಂದರೆ ಮೂಗು ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಫ್ರೆಶ್ನರ್ ಪದೇ ಪದೇ ಹೊಡೆಯಬೇಕು ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಬಂದು ಹೋಗುವ ವಾಸನೆಯೇ ಮೂಗಿಗೆ ಚೆನ್ನ.

ಲ್ಯಾವೆಂಡರ್ ಬಗ್ಗೆ ಖಡಾಖಂಡಿತ ಮಾತು: ಮನೆಯೊಳಗೆ ಬೇಡ. ಅದು ಸುಡುಬಿಸಿಲು, ಒಣಗಾಳಿ, ನೀರು ನಿಲ್ಲದ ಕಲ್ಲುಮಣ್ಣಿನ ಗಿಡ. ಬುಡ ಬೂದು ಆಯಿತು ಅಂದಿರಲ್ಲ, ಬೇರು ಕೊಳೆತಾಗ ಹಾಗಾಗುವುದುಂಟು. ಗಾರ್ಡೇನಿಯಾದ ಸಹವಾಸವೂ ಬೇಡ. ವಾಸನೆ ಸ್ವರ್ಗ, ಒಪ್ಪುತ್ತೇನೆ. ಆದರೆ ಹುಳಿಮಣ್ಣು ಬೇಕು, ತೇವದ ಗಾಳಿ ಬೇಕು, ಮೊಗ್ಗು ಹಿಡಿದಾಗ ಜಾಗ ಬದಲಿಸಿದರೂ ಸಾಕು, ಮೊಗ್ಗೆಲ್ಲ ಉದುರಿಸಿ ಕೂರುತ್ತದೆ. ಅಷ್ಟು ಮುದ್ದು ಮಾಡುವ ತಾಳ್ಮೆ ನನಗಿಲ್ಲ.

ಬೆಕ್ಕಿನ ವಿಷಯ ಚೆನ್ನಾಗಿ ತಿಳಿದವರು ಯಾರಾದರೂ ಹೇಳಿ.

ಬೆಕ್ಕಿನಾಳು:

ಹೇಳುತ್ತೇನೆ. ಮಣ್ಣುಕೈ ಸರ್, ನಿಮ್ಮ ಪಕ್ಷದ ಅರ್ಧ ಅಭ್ಯರ್ಥಿಗಳು ಇಲ್ಲೇ ಬಿದ್ದುಹೋಗುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಾಣಿಗಳಿಗೆ ಯಾವ ಗಿಡ ಆಗಿಬರುವುದಿಲ್ಲ ಅಂತ ಎಎಸ್‌ಪಿಸಿಎ ಅನ್ನುವ ಅಮೆರಿಕದ ಪ್ರಾಣಿದಯಾ ಸಂಸ್ಥೆಯ ಒಂದು ಪಟ್ಟಿ ಇದೆ. ಅದರಲ್ಲಿ ಜೆರೇನಿಯಂ, ಲ್ಯಾವೆಂಡರ್, ಗಾರ್ಡೇನಿಯಾ, ಮರುಗ, ದೊಡ್ಡಪತ್ರೆ ಎಲ್ಲ ಬೆಕ್ಕಿಗೆ ಆಗದ ಕಡೆ ಇವೆ. ಪುದೀನಾ ಜಾಸ್ತಿ ತಿಂದರೆ ವಾಂತಿ, ಭೇದಿ. ನಿಂಬೆ ಜಾತಿಯ ಗಿಡಗಳೂ ಬೇಡ. ಇವುಗಳಲ್ಲಿ ಹೆಚ್ಚಿನವು ಜೀವ ತೆಗೆಯುವಂಥವಲ್ಲ, ಹೊಟ್ಟೆ ಕೆಡಿಸುವಂಥವು. ಆದರೂ ಕಿಟಕಿಕಟ್ಟೆಯಲ್ಲೇ ಮಲಗುವ ಬೆಕ್ಕು ಅಂದಿರಿ, ಅದು ಎಲೆ ಅಗಿಯದೇ ಬಿಡುವುದಿಲ್ಲ.

ನಿಜವಾಗಿ ಹೆದರಬೇಕಾದ್ದು ಲಿಲಿಗೆ. ಸ್ಟಾರ್‌ಗೇಜರ್ ಥರದ ಘಾಟು ವಾಸನೆಯ ಲಿಲಿ ಹೂಗಳು. ಎಲೆ, ಹೂ, ಮೈಗೆ ಹತ್ತಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಬೆಕ್ಕಿನ ಕಿಡ್ನಿ ಕೈಕೊಡುತ್ತದೆ. ಹೂದಾನಿಯ ನೀರು ಕುಡಿದರೂ ಅಪಾಯ. ಗಿಡ ಬಿಡಿ, ಯಾರಾದರೂ ಉಡುಗೊರೆಯಾಗಿ ಕೊಟ್ಟ ಬೊಕೆಯಲ್ಲಿದ್ದರೂ ಒಳಗೆ ತರಬೇಡಿ. ತಿಂದಿದೆ ಅಂತ ಅನುಮಾನ ಬಂದರೆ ಲಕ್ಷಣ ಕಾಣಲಿ ಅಂತ ಕಾಯದೆ ಡಾಕ್ಟರ್ ಹತ್ತಿರ ಓಡಿ.

ಸಮಾಧಾನದ ಸುದ್ದಿಯೂ ಇದೆ. ಅಸಲಿ ಮಲ್ಲಿಗೆ, ಹೋಯಾ, ರೋಸ್ಮರಿ, ಕಾಮಕಸ್ತೂರಿ, ಲೆಮನ್ ಬಾಮ್ ಇವು ವಿಷವಲ್ಲದ ಪಟ್ಟಿಯಲ್ಲಿವೆ. ಮಲ್ಲಿಗೆ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಮಲ್ಲಿಗೆ ಅಲ್ಲ, ಅದೊಂದು ನೋಡಿಕೊಳ್ಳಿ. ರಾತ್ರಿರಾಣಿಯನ್ನು ಇಂಗ್ಲಿಷಿನಲ್ಲಿ ನೈಟ್ ಜಾಸ್ಮಿನ್ ಅನ್ನುತ್ತಾರೆ, ಅದು ಬದನೆ ಕುಟುಂಬದ್ದು, ವಿಷ.

ಮೂರನೇಮಹಡಿ:

ಇಷ್ಟು ಬೇಗ ಇಷ್ಟೆಲ್ಲ! ಎಲ್ಲರಿಗೂ ಥ್ಯಾಂಕ್ಸ್. ಕೈ ನೆರಳು ನೋಡಿದೆ. ಗಾಜಿನ ಹತ್ತಿರ ಬೆರಳು ಎಣಿಸಬಹುದು, ಟೀಪಾಯ್ ಹತ್ತಿರ ಬರೀ ಮಬ್ಬು. ಮಲ್ಲಿಗೆ ಇಷ್ಟು ದಿನ ಇದ್ದದ್ದು ಟೀಪಾಯ್ ಮೇಲೆ.

ಹಾಗಾದರೆ ಜೆರೇನಿಯಂ ಎತ್ತರಕ್ಕೆ ತೂಗುಹಾಕಿದರೆ ನಡೆಯುತ್ತಾ? ಗುಲಾಬಿ ವಾಸನೆ ಅಂದದ್ದಕ್ಕೆ ಹೆಂಡತಿ ಅದೇ ಬೇಕು ಅನ್ನುತ್ತಿದ್ದಾಳೆ. ಅವಳಿಗೆ ಗಿಡದ ವಾಸನೆಯಿಂದಲೂ ತಲೆನೋವು ಬರಬಹುದಾ ಅಂತ ಇನ್ನೊಂದು ಯೋಚನೆ.

ಲೆಕ್ಕಾಚಾರ:

ಸ್ವಲ್ಪ ತಣ್ಣೀರು ಎರಚುತ್ತೇನೆ, ಕ್ಷಮಿಸಿ.

ಮುಗ್ಗಲು ವಾಸನೆ ಅಂದಿರಲ್ಲ, ಅದು ಸಾಮಾನ್ಯವಾಗಿ ಎಲ್ಲೋ ತೇವಕ್ಕೆ ಹಿಡಿದ ಬೂಷ್ಟಿನ ವಾಸನೆ. ಅದರ ಮೇಲೆ ಮಲ್ಲಿಗೆ ಸುರಿದರೆ ಮಲ್ಲಿಗೆ ಮತ್ತು ಬೂಷ್ಟು ಎರಡೂ ಬರುತ್ತದೆ, ಅಷ್ಟೇ. ಕಪಾಟಿನ ಹಿಂಭಾಗದ ಗೋಡೆ, ಸಿಂಕಿನ ಕೆಳಗೆ, ಬೆಡ್‌ಶೀಟು ಜೋಡಿಸಿಟ್ಟ ಜಾಗ ಒಮ್ಮೆ ನೋಡಿ. ಬಳಸದ ಬಾತ್‌ರೂಮ್ ಇದ್ದರೆ ನೆಲದ ಜಾಲರಿಗೆ ಒಂದು ಬಕೆಟ್ ನೀರು ಹುಯ್ಯಿರಿ. ಪೈಪಿನ ಬಾಗಿನಲ್ಲಿ ನಿಲ್ಲುವ ನೀರೇ ಚರಂಡಿಯ ಗಾಳಿಯನ್ನು ತಡೆಯುವುದು, ಅದು ಒಣಗಿದರೆ ವಾಸನೆ ನೇರ ಮನೆಯೊಳಗೆ. ಎದುರುಬದುರು ಕಿಟಕಿ ತೆಗೆದು ಹತ್ತು ನಿಮಿಷ ಗಾಳಿ ಆಡಿಸುವುದಕ್ಕೆ ಸಮನಾದ ಗಿಡ ಇಲ್ಲ.

ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಅಂತ ಯಾರಾದರೂ ಬಂದು ಹೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಮಾತು 1989ರ ನಾಸಾ ಪ್ರಯೋಗದಿಂದ ಬಂದದ್ದು. ಅದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಮಾಡಿದ್ದು. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಕಿಟಕಿ ಬಾಗಿಲ ಸಂದಿನಲ್ಲಿ ಆಡುವ ಗಾಳಿಗೆ ಸಮ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಆಮೇಲೆ ನೀವು ಎಲ್ಲಿ ಕೂರುವುದು?

ಮಣ್ಣುಕೈ:

ಲೆಕ್ಕಾಚಾರದವರ ತಣ್ಣೀರು ಸಕಾಲಕ್ಕೆ ಬಂತು. ಅದರಲ್ಲಿ ಒಂದು ಚೊಂಬು ನಾನೂ ಸೇರಿಸುತ್ತೇನೆ. ಗಿಡಕ್ಕೆ ದಿನಾ ನೀರು ಹುಯ್ದರೆ ಕುಂಡದ ಮಣ್ಣೇ ಮುಗ್ಗುತ್ತದೆ, ಮೇಲೆ ಕರಿ ನೊಣದಂಥ ಸಣ್ಣ ಹುಳು ಹಾರಾಡುತ್ತವೆ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೆ ನೀರು ಕೊಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಜೆರೇನಿಯಂ ತೂಗುಹಾಕುವುದು ಬೇಡ. ಬೆಕ್ಕಿಗೆ ಸಿಗದ ಎತ್ತರ ನಿಮ್ಮ ಕೈಗೂ ಸಿಗುವುದಿಲ್ಲ, ಮುಟ್ಟದ ಜೆರೇನಿಯಂ ಇದ್ದೂ ಇಲ್ಲದ ಹಾಗೆ. ಬಾಡಿದ ಎಲೆ ಕೆಳಗೆ ಬೀಳುವುದೂ ಬೆಕ್ಕಿನ ಮುಂದೆಯೇ. ಅದನ್ನು ಕೈಬಿಟ್ಟು ಕಾಮಕಸ್ತೂರಿ ಹಾಕಿ. ಅದು ಗುಲಾಬಿ ಅಲ್ಲ, ನಿಮ್ಮ ಮನೆಯವರಿಗೆ ನೀವೇ ಹೇಳಬೇಕು. ಆದರೆ ಅದರಲ್ಲಿ ಒಂದು ಲಾಭ ಇದೆ. ತುದಿ ಚಿವುಟದಿದ್ದರೆ ಕಾಮಕಸ್ತೂರಿ ಉದ್ದಕ್ಕೆ ಸೊರಗಿ, ತೆನೆ ಹಾಕಿ, ಮುಗಿದುಹೋಗುತ್ತದೆ. ಹಾಗಾಗಿ ಚಿವುಟುತ್ತಲೇ ಇರಬೇಕು. ಚಿವುಟಿದಷ್ಟೂ ಗಿಡ ಪೊದೆಯಾಗುತ್ತದೆ, ನಿಮ್ಮ ಕೈ, ಪರದೆ, ಕೋಣೆ ಎಲ್ಲ ಘಮ್ ಅನ್ನುತ್ತದೆ. ಮಲ್ಲಿಗೆ ಕುಂಡದ ಪಕ್ಕಕ್ಕೇ ಇಡಿ, ಇದಕ್ಕೂ ಬಿಸಿಲು ಬೇಕು. ಬೆಕ್ಕಿಗೆ ಕಟ್ಟೆಯಲ್ಲಿ ಒಂದು ಮೂಲೆ ಬಿಟ್ಟುಕೊಡಿ, ಇಲ್ಲದಿದ್ದರೆ ಅದೇ ಜಾಗ ಮಾಡಿಕೊಳ್ಳುತ್ತದೆ, ಕುಂಡ ಕೆಳಗೆ ಬೀಳುತ್ತದೆ.

ರೋಸ್ಮರಿ ಇಷ್ಟ ಇದ್ದರೆ ತನ್ನಿ, ಆದರೆ ಅದರದ್ದು ಒಂದು ಕೆಟ್ಟ ಬುದ್ಧಿ. ಬಾಡಿದ್ದನ್ನು ತೋರಿಸುವುದೇ ಇಲ್ಲ. ಎಲೆ ಸೂಜಿಯಂತೆ ಸೆಟೆದುಕೊಂಡೇ ಇರುತ್ತದೆ, ಮುಟ್ಟಿದಾಗ ಪರಪರ ಉದುರಿದರೆ ಗಿಡ ಹೋಗಿ ಆಗಲೇ ಬಹಳ ದಿನ ಆಗಿರುತ್ತದೆ.

ತಲೆನೋವಿನ ಮಾತು. ಹೌದು, ಹೂವಿನ ವಾಸನೆಯಿಂದಲೂ ಕೆಲವರಿಗೆ ಬರುತ್ತದೆ. ನೈಸರ್ಗಿಕ ಅಂದ ಮಾತ್ರಕ್ಕೆ ತಲೆ ಕೇಳುವುದಿಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಒಂದು ಗೊಂಚಲು ಹೋಯಾ ರಾತ್ರಿಯಿಡೀ ಜಾಸ್ತಿ ಆಗಬಹುದು. ಅದಕ್ಕೇ ಎಲೆ ಗಿಡದಿಂದ ಶುರು ಮಾಡಿ ಅನ್ನುವುದು. ಬೇಡ ಅಂದರೆ ಮುಟ್ಟಬೇಡಿ, ಮುಗಿಯಿತು. ಮಲ್ಲಿಗೆ ಹಾಲ್‌ನಲ್ಲೇ ಇರಲಿ, ಹೂ ಬಿಟ್ಟಾಗ ಅವರಿಗೆ ಹೇಗಾಗುತ್ತದೆ ನೋಡಿಕೊಂಡು ಹೋಯಾ ತರುವ ಯೋಚನೆ ಮಾಡಿ. ತಂದರೆ ಕಿಟಕಿಯ ಮೇಲ್ಭಾಗಕ್ಕೆ ಒಂದು ಬಿಳಿ ಎಲ್‌ಇಡಿ ಹಾಕಿ, ಗಿಡದಿಂದ ಒಂದಡಿ ದೂರದಲ್ಲಿ, ದಿನಕ್ಕೆ ಹನ್ನೆರಡು ಗಂಟೆ. ಗೋಡೆ ಎದುರಿನ ಕಿಟಕಿಗೆ ಅದೊಂದೇ ದಾರಿ.

ಎಸಿ ಇದ್ದರೆ ಇನ್ನೊಂದು ತಿಳಿದಿರಲಿ. ತಂಪಾದ ಒಣಗಾಳಿಯಲ್ಲಿ ವಾಸನೆ ಮಂಕು. ಬೆಚ್ಚಗೆ, ಸ್ವಲ್ಪ ತೇವವಿರುವ, ಹೆಚ್ಚು ಬೀಸದ ಗಾಳಿಯಲ್ಲಿ ಅದೇ ಗಿಡ ಇಮ್ಮಡಿ ಅನ್ನಿಸುತ್ತದೆ.

ನೆರಳುಬಳ್ಳಿ:

ಎಲ್‌ಇಡಿ ಮಾತಿಗೆ ನನ್ನದೂ ಒಂದು ವೋಟು. ನನ್ನ ಹೋಯಾ ಇರುವುದು ಬಿಸಿಲಿನ ಕಿಟಕಿಯಲ್ಲಿ, ಅದನ್ನು ಮೊದಲೇ ಹೇಳಬೇಕಿತ್ತು. ಹೂವಿನಿಂದ ಅಂಟು ಅಂಟು ಸಿಹಿ ಹನಿ ತೊಟ್ಟಿಕ್ಕುತ್ತದೆ. ಕೆಳಗೆ ಪುಸ್ತಕ, ಹಾಸಿಗೆ ಇಡಬೇಡಿ.

ಮೂರನೇಮಹಡಿ:

ಅಪ್‌ಡೇಟ್ ಕೊಡುತ್ತೇನೆ ಅಂದುಕೊಂಡಿದ್ದೆ. ಲೆಕ್ಕಾಚಾರ ಸರ್, ಅತಿಥಿಗಳ ಬಾತ್‌ರೂಮಿನ ಜಾಲರಿ ಪೂರ್ತಿ ಒಣಗಿತ್ತು. ನೀರು ಹುಯ್ದ ಮೇಲೆ ಮುಗ್ಗಲು ಅರ್ಧಕ್ಕೆ ಇಳಿದಿದೆ! ಇನ್ನರ್ಧ ಶೂ ಸ್ಟ್ಯಾಂಡ್ ಹಿಂದಿನ ಗೋಡೆ, ಬಣ್ಣ ಹೊಪ್ಪಳಿಸಿದೆ, ಪ್ಲಂಬರ್‌ಗೆ ಹೇಳಿದ್ದೇನೆ.

ಮಲ್ಲಿಗೆ ಸವರಿ ಗಾಜಿಗೆ ಅಂಟಿಸಿ ಇಟ್ಟಾಗಿದೆ. ಕಾಮಕಸ್ತೂರಿ ಪಕ್ಕದ ಮನೆಯವರ ಹತ್ತಿರ ಇದೆ, ನಾಲ್ಕು ಕಡ್ಡಿ ಕೊಡುತ್ತಾರಂತೆ. ಕಡ್ಡಿಯಿಂದ ಬರುತ್ತಾ, ಬೀಜವೇ ಬೇಕಾ?

ಮಣ್ಣುಕೈ:

ಕಡ್ಡಿಯೇ ಸುಲಭ. ಹೂ ತೆನೆ ಬಂದಿರದ ತುದಿ ನೋಡಿ ನಾಲ್ಕಿಂಚು ಕತ್ತರಿಸಿ, ಗಿಣ್ಣಿನ ಸ್ವಲ್ಪ ಕೆಳಗೆ. ಬುಡದ ಎಲೆಗಳನ್ನು ತೆಗೆದು ಲೋಟದ ನೀರಿನಲ್ಲಿ ನಿಲ್ಲಿಸಿ. ಗಿಣ್ಣು ನೀರಿನೊಳಗೆ, ಎಲೆ ನೀರಿನ ಹೊರಗೆ. ಬೆಳಕಿರಲಿ, ಬಿಸಿಲು ಈಗಲೇ ಬೇಡ. ದಿನ ಬಿಟ್ಟು ದಿನ ನೀರು ಬದಲಾಯಿಸಿ. ಒಂದೆರಡು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಬೇರು ಒಂದಿಂಚು ಆದ ಕೂಡಲೇ ಮಣ್ಣಿಗೆ ಹಾಕಿ, ನೀರಿನಲ್ಲೇ ಉದ್ದ ಬೆಳೆಯಲು ಬಿಟ್ಟರೆ ಆಮೇಲೆ ಮಣ್ಣಿಗೆ ಒಗ್ಗಲು ತಿಣುಕುತ್ತದೆ. ನಾಲ್ಕೂ ಕಡ್ಡಿ ಒಂದೇ ಕುಂಡಕ್ಕೆ ತುರುಕಬೇಡಿ, ಎರಡು ಸಾಕು. ಉಳಿದೆರಡು ಬೆಕ್ಕಿನ ದಾಳಿಗೆ ಮೀಸಲು ಇಟ್ಟುಕೊಳ್ಳಿ.